ಆಂಗ್ಲಿಕನ್ ಬಿಷಪ್: ಕನ್ನಡ ನಾಡಿನಲ್ಲಿ ಒಂದು ಹುದ್ದೆಯ ಚರಿತ್ರೆ

ಇಂಗ್ಲೆಂಡಿನ ಸರ್ಕಾರಿ ಚರ್ಚಿನಿಂದ ಹೊರಟು ಬೇರೆ ಬೇರೆ ದೇಶಗಳಲ್ಲಿ ಸ್ವತಂತ್ರವಾಗಿ ನೆಲೆನಿಂತ ಕ್ರೈಸ್ತ ಸಭೆಗಳ ಬಳಗಕ್ಕೆ ಆಂಗ್ಲಿಕನ್ ಬಳಗ ಎಂದು ಹೆಸರು. ಒಂದು ಪ್ರಾಂತದ ಎಲ್ಲ ಸಭೆಗಳ ಉಸ್ತುವಾರಿ ಹೊತ್ತ ಹಿರಿಯ ಗುರುಗಳೇ ಅಲ್ಲಿ ಬಿಷಪ್. ಪಾದ್ರಿಗಳಿಗೆ ದೀಕ್ಷೆ ಕೊಡುವುದು, ದೀಕ್ಷಾಸ್ನಾನ ಪಡೆದ ಮಕ್ಕಳು ಬೆಳೆದ ಮೇಲೆ ತಲೆಯ ಮೇಲೆ ಕೈಯಿಟ್ಟು ಅವರನ್ನು ದೃಢೀಕರಿಸುವುದು, ಹೊಸ ದೇವಾಲಯವನ್ನು ಪ್ರತಿಷ್ಠಿಸುವುದು, ಈ ಮೂರು ಕೆಲಸ ಅವರಿಗೇ ಮೀಸಲು. ಶಾಲೆ, ಆಸ್ಪತ್ರೆ, ಜಮೀನು, ಸರ್ಕಾರದೊಡನೆ ಮಾತುಕತೆ, ಕೋರ್ಟಿನ ಅಲೆದಾಟ ಇವೆಲ್ಲ ಕಾಲಕಾಲಕ್ಕೆ ಆ ಹುದ್ದೆಗೆ ಬಂದು ಸೇರಿಕೊಂಡವು. ಕನ್ನಡ ನಾಡಿನ ಮಟ್ಟಿಗೆ ಹೇಳುವುದಾದರೆ, ಬಿಷಪ್ ಹುದ್ದೆಯ ಚರಿತ್ರೆಯಲ್ಲಿ ಮೊದಲ ಮೂರಕ್ಕಿಂತ ಆಮೇಲೆ ಸೇರಿಕೊಂಡವುಗಳ ಪಾಲೇ ದೊಡ್ಡದು.

ಹೊನ್ನಾವರ, ಕುಮಟಾ, ಭಟ್ಕಳದ ಕಡೆ ಬಿಷಪರು ಬರುತ್ತಾರೆ ಎಂದರೆ ಜನರ ಮನಸ್ಸಿಗೆ ಬರುವುದು ಕಾರವಾರದ ಕಥೋಲಿಕ ಬಿಷಪರು. ಕಾರವಾರ ಕಥೋಲಿಕ ಧರ್ಮಪ್ರಾಂತ 1976ರಲ್ಲಿ ಸ್ಥಾಪನೆಯಾಯಿತು. ಅದಕ್ಕೂ ಎಷ್ಟೋ ಹಿಂದಿನಿಂದ, ಪೋರ್ಚುಗೀಸರ ಕಾಲದಿಂದಲೇ, ಈ ಕರಾವಳಿಯ ಕ್ರೈಸ್ತರಲ್ಲಿ ಬಹುಪಾಲು ಕೊಂಕಣಿ ಮಾತಿನ ಕಥೋಲಿಕರು. ಕುಮಟಾ ಹೊನ್ನಾವರಗಳ ನಡುವಿನ ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ಡಿಸೆಂಬರ್ 3ರಂದು ಸೇರುವ ಜನರಲ್ಲಿ ಬೇರೆ ಧರ್ಮದವರೂ ಇರುತ್ತಾರೆ. ಆಂಗ್ಲಿಕನ್ ಬಿಷಪರು ಈ ಮೂರು ತಾಲೂಕುಗಳಲ್ಲಿ ಎಂದೂ ಪೀಠ ಹೂಡಿದವರಲ್ಲ. ಆದರೂ ಕಥೆಯನ್ನು ಇಲ್ಲಿಂದಲೇ ತೊಡಗಿಸಬೇಕು. ರಾಜ್ಯದ ಗಡಿ ಸರಿದಾಗ ಬಿಷಪರ ಗಡಿಯೂ ಸರಿಯುತ್ತಿತ್ತು ಎಂಬುದು ಬೆಂಗಳೂರಿಗಿಂತ ಇಲ್ಲಿ ಚೆನ್ನಾಗಿ ಕಾಣುತ್ತದೆ.

ಭಟ್ಕಳದ ಗೋರಿಗಳು

ಲಂಡನ್ನಿನ ವರ್ತಕ ಸರ್ ವಿಲಿಯಂ ಕೋರ್ಟೀನ್ ಕಟ್ಟಿದ ಕೂಟವೊಂದು ಈಸ್ಟ್ ಇಂಡಿಯಾ ಕಂಪನಿಗೆ ಪೈಪೋಟಿಯಾಗಿ ಹಡಗು ಕಳಿಸಿತ್ತು. ಕ್ಯಾಪ್ಟನ್ ಜಾನ್ ವೆಡೆಲ್‌ನ ನಾಯಕತ್ವದ ಆ ಹಡಗುಗಳು 1637ರಲ್ಲಿ ಭಟ್ಕಳಕ್ಕೆ ಬಂದವು. ಇಕ್ಕೇರಿಯ ವೀರಭದ್ರ ನಾಯಕನ ಒಪ್ಪಿಗೆ ಪಡೆದು ಇಂಗ್ಲಿಷರು ಇಲ್ಲಿ ಕಾಳುಮೆಣಸಿನ ಕೋಠಿ ತೆರೆದರು. ಹಡಗಿನಲ್ಲಿದ್ದ ಪೀಟರ್ ಮಂಡಿ ಎಂಬ ಪ್ರವಾಸಿ ಆ ದಿನಗಳ ವರ್ಣನೆ ಬರೆದಿಟ್ಟಿದ್ದಾನೆ. ಕೋಠಿ ಬಹಳ ದಿನ ಉಳಿಯಲಿಲ್ಲ, ಗೋರಿಗಳು ಉಳಿದವು. ಜಾರ್ಜ್ ವೈ ಮತ್ತು ಆಂಟನಿ ವರ್ನ್‌ವರ್ದಿ ಎಂಬ ವರ್ತಕರು ತೀರಿಕೊಂಡದ್ದು 1637ರಲ್ಲಿ, ವಿಲಿಯಂ ಬಾರ್ಟನ್ ಎಂಬ ಶಸ್ತ್ರವೈದ್ಯ ತೀರಿಕೊಂಡದ್ದು 1638ರಲ್ಲಿ. ಬಾಂಬೆ ಗೆಜೆಟಿಯರಿನ ಕೆನರಾ ಸಂಪುಟ ಈ ಗೋರಿಕಲ್ಲುಗಳ ಬರಹವನ್ನು ಅಚ್ಚು ಹಾಕಿದೆ. ಇಂಗ್ಲಿಷರ ಬೇಟೆನಾಯಿಯೊಂದು ದೇವಸ್ಥಾನದ ದನವನ್ನು ಕೊಂದಿತೆಂದು ಊರವರು ರೊಚ್ಚಿಗೆದ್ದು ಹದಿನೆಂಟು ಮಂದಿ ಇಂಗ್ಲಿಷರನ್ನು ಕೊಂದರೆಂದು ನಾವಿಕ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಬರೆದ ಕಥೆಯೊಂದಿದೆ. ಅದನ್ನು ಈ ಗೋರಿಗಳಿಗೆ ಗಂಟು ಹಾಕುವವರೂ ಇದ್ದಾರೆ. ಕಥೆಯ ಕಾಲ 1670ರ ಸುಮಾರು, ಕಲ್ಲಿನ ಮೇಲಿನ ತಾರೀಖು ಅದಕ್ಕಿಂತ ಮೂವತ್ತು ವರ್ಷ ಹಿಂದಿನದು. ಹೆಸರು, ಕಸುಬು, ತಾರೀಖು ಬರೆಸಿಕೊಂಡು ಬೇರೆ ಬೇರೆಯಾಗಿ ಮಲಗಿದವರು ಒಂದೇ ದಂಗೆಯಲ್ಲಿ ಸತ್ತವರಾಗಿರಲಾರರು.

ಸತ್ತವರನ್ನು ಮಣ್ಣು ಮಾಡಲು ಬಿಷಪ್ ಬೇಕಿಲ್ಲ, ಪಾದ್ರಿಯೊಬ್ಬರಿದ್ದರೆ ಸಾಕು. ಆದರೆ ಮಕ್ಕಳನ್ನು ದೃಢೀಕರಿಸಲು, ಚರ್ಚನ್ನು ಪ್ರತಿಷ್ಠಿಸಲು, ಊರಿನವರೊಬ್ಬರಿಗೆ ಪಾದ್ರಿದೀಕ್ಷೆ ಕೊಡಲು ಬೇಕೇ ಬೇಕು. ಆಗ ಕಡಲಾಚೆಯ ಇಂಗ್ಲಿಷರಿಗೆಲ್ಲ ಹೆಸರಿಗೆ ಮುಖ್ಯಸ್ಥರಾಗಿದ್ದವರು ಲಂಡನ್ನಿನ ಬಿಷಪ್. ಮುಂದಿನ ಸುಮಾರು ಇನ್ನೂರು ವರ್ಷ ಭಾರತದ ಆಂಗ್ಲಿಕನರು ಬಿಷಪರನ್ನೇ ಕಾಣದೆ ಕಳೆದರು. ಗೋವೆಯಲ್ಲಿ ಕಥೋಲಿಕ ಆರ್ಚ್‌ಬಿಷಪರ ದರ್ಬಾರು ನಡೆಯುತ್ತಿದ್ದ ಕಾಲ ಅದು. ಕಂಪನಿಗೆ ಬಿಷಪರನ್ನು ಕರೆಸುವ ಆತುರವಿರಲಿಲ್ಲ. ವ್ಯಾಪಾರಕ್ಕೆ ಧರ್ಮ ಅಡ್ಡಬಂದೀತೆಂಬ ಅಳುಕು ಲಂಡನ್ನಿನ ನಿರ್ದೇಶಕರಿಗೆ ಕೊನೆಯವರೆಗೂ ಹೋಗಲಿಲ್ಲ.

ಸರ್ಕಾರಿ ಸಂಬಳದ ಬಿಷಪ್

1813ರ ಚಾರ್ಟರ್ ಕಾಯ್ದೆ ಕಲ್ಕತ್ತೆಗೆ ಒಬ್ಬ ಬಿಷಪರನ್ನೂ ಅವರ ಕೈಕೆಳಗೆ ಮೂವರು ಆರ್ಚ್‌ಡೀಕನರನ್ನೂ ಮಂಜೂರು ಮಾಡಿತು. ಬಿಷಪರ ಸಂಬಳ ವರ್ಷಕ್ಕೆ 5000 ಪೌಂಡು, ಆರ್ಚ್‌ಡೀಕನರಿಗೆ ತಲಾ 2000. ಹಣ ಬರುತ್ತಿದ್ದದ್ದು ಕಂಪನಿ ಆಳುತ್ತಿದ್ದ ಸೀಮೆಗಳ ಆದಾಯದಿಂದ, ಅಂದರೆ ಬಹುಮಟ್ಟಿಗೆ ರೈತರು ಕಟ್ಟುತ್ತಿದ್ದ ಕಂದಾಯದಿಂದ. ಟಿಪ್ಪುವಿನ ಪತನದ ತರುವಾಯ 1799ರಲ್ಲಿ ಕಂಪನಿಯ ಕೈಸೇರಿದ ಕೆನರಾ ಜಿಲ್ಲೆಯ ತೆಂಗು, ಅಡಿಕೆ, ಭತ್ತದ ತೀರುವೆಯೂ ಆ ಬೊಕ್ಕಸಕ್ಕೇ ಹೋಗುತ್ತಿತ್ತು. ತಾವು ಕಣ್ಣಿಂದಲೂ ಕಾಣದ ಬಿಷಪರ ಸಂಬಳಕ್ಕೆ ಹೊನ್ನಾವರದ ಹಿಡುವಳಿದಾರರೂ ಪಾಲು ಕೊಟ್ಟರು. ಸರ್ಕಾರಿ ಚರ್ಚಿನ ಈ ಖರ್ಚನ್ನು ಭಾರತೀಯ ರಾಜಕಾರಣಿಗಳು ಮುಂದೆ ಆಕ್ಷೇಪಿಸಿದ್ದು ಸಹಜವೇ.

ಮೊದಲ ಬಿಷಪ್ ಥಾಮಸ್ ಮಿಡ್ಲ್‌ಟನ್ 1814ರಲ್ಲಿ ಕಲ್ಕತ್ತೆಗೆ ಬಂದಿಳಿದರು. ಅವರ ಪ್ರಾಂತದ ವಿಸ್ತಾರ ಇಂದು ನಗೆ ತರಿಸುವಂಥದ್ದು. ಅವರ ನಂತರದ ರೆಜಿನಾಲ್ಡ್ ಹೀಬರರ ಕಾಲಕ್ಕೆ ಆಸ್ಟ್ರೇಲಿಯವೂ ಕಲ್ಕತ್ತೆಯ ಬಿಷಪರ ವ್ಯಾಪ್ತಿಗೆ ಸೇರಿತ್ತು. ತಮಗೆ ಕೊಟ್ಟ ರಾಜಪತ್ರದಲ್ಲಿ ಭಾರತೀಯರಿಗೆ ದೀಕ್ಷೆ ಕೊಡುವ ಅಧಿಕಾರವಿಲ್ಲ ಎಂಬುದು ಮಿಡ್ಲ್‌ಟನ್ನರ ಎಣಿಕೆ. ಹೀಬರ್ ಆ ಸಂಕೋಚ ಬಿಟ್ಟು 1824ರಲ್ಲಿ ಕ್ರಿಶ್ಚಿಯನ್ ಡೇವಿಡ್ ಎಂಬ ತಮಿಳರಿಗೆ ದೀಕ್ಷೆ ಕೊಟ್ಟರು. 1826ರಲ್ಲಿ ತಿರುಚಿರಾಪಳ್ಳಿಯ ಸ್ನಾನದ ಕೊಳದಲ್ಲಿ ಅವರ ಸಾವು.

1833ರ ಕಾಯ್ದೆಯಿಂದ ಹುದ್ದೆ ಹಂಚಿಹೋಯಿತು. ಮದ್ರಾಸಿಗೆ 1835ರಲ್ಲಿ ಡೇನಿಯಲ್ ಕಾರಿ, ಬಾಂಬೆಗೆ 1837ರಲ್ಲಿ ಥಾಮಸ್ ಕಾರ್ ಬಿಷಪರಾಗಿ ಬಂದರು. ಕನ್ನಡಿಗರು ಎರಡು ಪಾಲಾದದ್ದು ಹೀಗೆ. ಮೈಸೂರು ಸಂಸ್ಥಾನ, ಬೆಂಗಳೂರಿನ ದಂಡುಪ್ರದೇಶ, ಕೊಡಗು, ಬಳ್ಳಾರಿ, ಮಂಗಳೂರು ಮದ್ರಾಸಿನ ಕಡೆಗೆ ಬಂದವು. ಧಾರವಾಡ, ಬೆಳಗಾವಿ, ವಿಜಾಪುರ ಬಾಂಬೆಯ ಕಡೆಗೆ ಹೋದವು. ಹೊನ್ನಾವರದ್ದು ಬೇರೆಯೇ ಕಥೆ. ಒಂದೇ ಆಗಿದ್ದ ಕೆನರಾ ಜಿಲ್ಲೆಯನ್ನು ಒಡೆದು ಅದರ ಉತ್ತರ ಭಾಗವನ್ನು 1862ರಲ್ಲಿ ಮದ್ರಾಸಿನಿಂದ ಬಾಂಬೆ ಪ್ರಾಂತಕ್ಕೆ ಕೊಟ್ಟರು, ಕುಂದಾಪುರ ದಕ್ಷಿಣದಲ್ಲೇ ಉಳಿಯಿತು. ಅಲ್ಲಿಂದ ಮುಂದೆ ಭಟ್ಕಳ ಒಂದು ಸರ್ಕಾರದ ಕೆಳಗೆ, ಬೈಂದೂರು ಇನ್ನೊಂದರ ಕೆಳಗೆ.

ಆ ಕಾಲದ ಆಂಗ್ಲಿಕನ್ ಬಿಷಪರನ್ನು ಊರಿನ ಧರ್ಮಗುರು ಎಂದುಕೊಂಡರೆ ತಪ್ಪಾದೀತು. ಅವರ ಕೆಲಸವೆಲ್ಲ ದಂಡಿನ ಸೋಲ್ಜರುಗಳು, ಕಲೆಕ್ಟರು, ಜಡ್ಜು, ಇವರ ಸಂಸಾರಗಳ ಸುತ್ತ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಚರ್ಚು 1808ರಲ್ಲಿ, ಟ್ರಿನಿಟಿ ಚರ್ಚು 1851ರಲ್ಲಿ ಎದ್ದದ್ದು ಅವರಿಗಾಗಿ. ಬೆಳಗಾವಿ ಕ್ಯಾಂಪಿನ ಸೇಂಟ್ ಮೇರೀಸ್, ಇಂದು ಮ್ಯೂಸಿಯಂ ಆಗಿರುವ ಮಡಿಕೇರಿ ಕೋಟೆಯ ಸೇಂಟ್ ಮಾರ್ಕ್ಸ್ ಕೂಡ ಅಂಥವೇ. ಕನ್ನಡ ಕ್ರೈಸ್ತರ ನಡುವೆ ದುಡಿದವರು ಬೇರೆಯವರು. ಕರಾವಳಿ ಮತ್ತು ಧಾರವಾಡದ ಸೀಮೆಯಲ್ಲಿ 1834ರಿಂದ ಬಾಸೆಲ್ ಮಿಷನ್ನಿನ ಜರ್ಮನರು ಮತ್ತು ಸ್ವಿಸ್ಸರು, ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮೆಥಡಿಸ್ಟರು, ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನವರು. ಹೊನ್ನಾವರದಲ್ಲೂ 1840ರ ದಶಕದಲ್ಲಿ ಬಾಸೆಲ್ ಮಿಷನ್ ಠಾಣೆ ತೆರೆಯಿತು. ಈ ಮೂರು ಮಿಷನ್ನುಗಳಲ್ಲೂ ಬಿಷಪ್ ಎಂಬ ಹುದ್ದೆ ಇರಲಿಲ್ಲ. ಅಯ್ಯನವರೆಂದು ಕರೆಯುವ ಪಾದ್ರಿಗಳೇ ಸಭೆ ನಡೆಸುತ್ತಿದ್ದರು, ಅವರ ಮೇಲೆ ಮಿಷನ್ನಿನ ಕಮಿಟಿ.

ಸರ್ಕಾರಿ ಬಿಷಪರ ಸಾರ್ವಜನಿಕ ಕೆಲಸಗಳಲ್ಲಿ ಬಾಳಿ ಬದುಕಿದ್ದು ಶಾಲೆ. ರಗ್ಬಿ ಶಾಲೆಯಲ್ಲಿ ಮೇಷ್ಟರಾಗಿದ್ದ ಜಾರ್ಜ್ ಕಾಟನ್ 1858ರಲ್ಲಿ ಕಲ್ಕತ್ತೆಯ ಬಿಷಪರಾದರು. ಇಲ್ಲಿನ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳು ಓದಿಲ್ಲದೆ ಹಾಳಾಗುತ್ತಿದ್ದಾರೆಂಬುದು ಅವರ ಚಿಂತೆ. ಶಿಮ್ಲಾದ ಶಾಲೆ ಅದರಿಂದಲೇ ಹುಟ್ಟಿತು. ಬೆಂಗಳೂರಿನಲ್ಲಿ ಸರ್ಕಾರಿ ಪಾದ್ರಿ ಸ್ಯಾಮ್ಯುಯೆಲ್ ಪೆಟಿಗ್ರೂ 1865ರಲ್ಲಿ ತೆರೆದ ಶಾಲೆಗೂ ಕಾಟನ್ನರ ಹೆಸರೇ ಬಂತು. ಮರುವರ್ಷ ಬಂಗಾಳದ ಕುಷ್ಟಿಯಾದಲ್ಲಿ ಹಡಗು ಹತ್ತುವಾಗ ಹಲಗೆಯಿಂದ ಕಾಲು ಜಾರಿ ನದಿಗೆ ಬಿದ್ದ ಬಿಷಪರ ದೇಹ ಸಿಗಲೇ ಇಲ್ಲ. ಬಿಳಿಯರ ಮಕ್ಕಳಿಗೆಂದು ತೆರೆದ ಶಾಲೆಯಲ್ಲಿ ಮುಂದೆ ಕೊಡಗಿನ ಕೆ. ಎಸ್. ತಿಮ್ಮಯ್ಯನವರಂಥವರು ಓದಿದರು.

ಊರದೇವತೆಗಳ ಬೆನ್ನು ಹತ್ತಿದ ಬಿಷಪ್

ಮದ್ರಾಸಿನ ಬಿಷಪರಲ್ಲಿ ಕನ್ನಡ ಓದುಗರು ನೆನಪಿಡಬೇಕಾದವರು ಹೆನ್ರಿ ವೈಟ್‌ಹೆಡ್. 1899ರಿಂದ 1922ರವರೆಗೆ ಆ ಪೀಠದಲ್ಲಿದ್ದವರು, ತತ್ವಶಾಸ್ತ್ರಜ್ಞ ಆಲ್ಫ್ರೆಡ್ ನಾರ್ತ್ ವೈಟ್‌ಹೆಡ್ಡರ ಅಣ್ಣ. ಸಭೆಗಳ ಭೇಟಿಗೆಂದು ತೆಲುಗು, ತಮಿಳು, ಕನ್ನಡ ಸೀಮೆಗಳಲ್ಲಿ ಸುತ್ತುವಾಗ ಅವರ ಕಣ್ಣು ಹೋದದ್ದು ದೊಡ್ಡ ದೇವಸ್ಥಾನಗಳ ಕಡೆಗಲ್ಲ, ಊರಾಚೆಯ ಬೇವಿನ ಮರದ ಬುಡದ ಕಲ್ಲುಗಳ ಕಡೆಗೆ. 1907ರಲ್ಲಿ ಮದ್ರಾಸ್ ಮ್ಯೂಸಿಯಮ್ಮಿನ ಬುಲೆಟಿನ್ನಿನಲ್ಲಿ ಬಂದ ಅವರ ಟಿಪ್ಪಣಿ ಬೆಳೆದು 1916ರಲ್ಲಿ ದಕ್ಷಿಣ ಭಾರತದ ಗ್ರಾಮದೇವತೆಗಳನ್ನು ಕುರಿತ ಪುಸ್ತಕವಾಯಿತು. ಕನ್ನಡ ಸೀಮೆಯ ಪೂಜಾಪದ್ಧತಿಗೆಂದೇ ಅದರಲ್ಲಿ ಒಂದು ಅಧ್ಯಾಯವಿದೆ.

ಬೆಂಗಳೂರಿನ ಅಣ್ಣಮ್ಮನ ಗುಡಿಯಲ್ಲಿ ಒಟ್ಟಿಗಿರುವ ಏಳು ಅಕ್ಕತಂಗಿಯರ ಪಟ್ಟಿಯನ್ನು ಬಿಷಪರು ಹೆಸರು ಹೆಸರಾಗಿ ಬರೆದುಕೊಂಡರು. ಮೈಸೂರು ಸೀಮೆಯ ಬಿಸಿಲ ಮಾರಿಯಮ್ಮನ ನೆಲೆಗೆ ಮಾಡು ಹೊದಿಸದೆ ಬಿಸಿಲು ಬೀಳಬಿಡುವುದು ಅವರ ಕುತೂಹಲ ಕೆರಳಿಸಿತು. ಪೂಜಾರಿ ಯಾವ ಜಾತಿಯವರು, ಕೋಣ ಕಡಿಯುವವರು ಯಾರು, ರಕ್ತ ಎಲ್ಲಿಗೆ ಹೋಗುತ್ತದೆ, ಅನ್ನದೊಡನೆ ಕಲಸಿ ಊರಿನ ಗಡಿಗೆ ಚೆಲ್ಲುವವರು ಯಾರು ಎಂದು ಅವರು ಕೇಳುತ್ತ ಹೋದರು. ಕಡಿದ ಕೋಣದ ಮುಂಗಾಲನ್ನು ಅದರ ಬಾಯಿಗೇ ಇಟ್ಟು, ಕೊಬ್ಬು ಸವರಿ, ತಲೆಯ ಮೇಲೆ ದೀಪ ಹಚ್ಚುವ ವಿವರ ಪುಸ್ತಕದಲ್ಲಿ ಮತ್ತೆ ಮತ್ತೆ ಬರುತ್ತದೆ. ಬ್ರಾಹ್ಮಣ ದೇವಸ್ಥಾನಗಳ ಧರ್ಮವೇ ಬೇರೆ, ಊರಿನ ಬಹುಸಂಖ್ಯರು ಬದುಕುವ ಧರ್ಮವೇ ಬೇರೆ ಎಂಬ ಅವರ ಗ್ರಹಿಕೆ ಅಂದಿನ ಪಂಡಿತರಲ್ಲಿ ಅನೇಕರಿಗೆ ಬಂದಿರಲಿಲ್ಲ.

ಹಾಗೆಂದು ಅವರನ್ನು ಜಾನಪದದ ಪ್ರೇಮಿ ಎಂದು ಹೊಗಳುವಂತಿಲ್ಲ. ಈ ಪೂಜೆಗಳನ್ನು ಅವರು ಭಯದಿಂದ ಹುಟ್ಟಿದ ಕೀಳು ಆಚರಣೆಗಳೆಂದೇ ಎಣಿಸಿದ್ದರು. ಇವು ತೊಲಗಿ ಜನ ಕ್ರೈಸ್ತರಾಗುವುದೇ ಅವರಿಗೆ ಬೇಕಿದ್ದ ಕೊನೆ. ತಿರಸ್ಕಾರವಿದ್ದೂ ಇಷ್ಟು ಹತ್ತಿರದಿಂದ ನೋಡಿದ್ದು ಪುಸ್ತಕದ ವಿಚಿತ್ರ. ಅಭಿಪ್ರಾಯವನ್ನು ತೆಗೆದು ಬದಿಗಿಟ್ಟು ವಿವರವನ್ನು ಮಾತ್ರ ಬಳಸಿಕೊಳ್ಳುವುದು ಜಾನಪದ ಸಂಶೋಧಕರಿಗೆ ಇಂದಿಗೂ ಸಾಧ್ಯ. ಉತ್ತರ ಕನ್ನಡದ ಓದುಗರು ಶಿರಸಿಯ ಮಾರಿಕಾಂಬೆಯನ್ನು ನೆನೆಯಬಹುದು. 1930ರ ದಶಕದಲ್ಲಿ ಗಾಂಧೀಜಿಯವರ ಭೇಟಿಯ ಹೊತ್ತಿಗೆ ಅಲ್ಲಿನ ಕೋಣಬಲಿ ನಿಂತಿತು. ಆದರೆ ಆ ತಾಯಿ ವೈಟ್‌ಹೆಡ್ಡರ ಸೀಮೆಗಲ್ಲ, ಬಾಂಬೆ ಬಿಷಪರ ಸೀಮೆಗೆ ಸೇರಿದವಳು.

ಅಜರಯ್ಯ ಮತ್ತು ಪಾಮರ್

ವೈಟ್‌ಹೆಡ್ಡರು ಮಾಡಿದ ಇನ್ನೊಂದು ಕೆಲಸದ ಫಲ ಪುಸ್ತಕಕ್ಕಿಂತ ದೂರ ಹೋಯಿತು. ತಿರುನೆಲ್ವೇಲಿ ಸೀಮೆಯ ವೆಳ್ಳಾಲನ್‌ವಿಳೈ ಎಂಬ ಊರಿನ ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯನವರನ್ನು (1874-1945) ಬಿಷಪ್ ಮಾಡಬೇಕೆಂದು ಅವರು ಹಟ ಹಿಡಿದರು. ಅಜರಯ್ಯ ಆಗ ವೈ.ಎಂ.ಸಿ.ಎ. ಕಾರ್ಯದರ್ಶಿಯಾಗಿ ಹೆಸರು ಮಾಡಿದ್ದವರು. 1910ರ ಎಡಿನ್‌ಬರೋ ಸಮ್ಮೇಳನದಲ್ಲಿ, ಬಿಳಿಯ ಮಿಷನರಿಗಳು ತ್ಯಾಗ ಮಾಡುತ್ತಾರೆ, ಆದರೆ ಭಾರತೀಯರನ್ನು ಸ್ನೇಹಿತರಂತೆ ಕಾಣುವುದಿಲ್ಲ ಎಂದು ನೇರವಾಗಿ ಹೇಳಿ ಸಭೆಯನ್ನು ಇರುಸುಮುರುಸು ಮಾಡಿದವರು. ಯುರೋಪಿಯನ್ ಪಾದ್ರಿಗಳು ಭಾರತೀಯರೊಬ್ಬರ ಕೈಕೆಳಗೆ ದುಡಿಯಬೇಕೇ ಎಂಬ ಗೊಣಗಾಟ ಬಿಳಿಯರಲ್ಲಿತ್ತು. ಒಬ್ಬ ಭಾರತೀಯ ಮೇಲೆ ಹೋಗುವುದನ್ನು ಒಪ್ಪದ ಭಾರತೀಯರೂ ಇದ್ದರು. ಕೊನೆಗೆ 1912ರ ಡಿಸೆಂಬರ್ 29ರಂದು ಕಲ್ಕತ್ತೆಯ ಸೇಂಟ್ ಪಾಲ್ಸ್ ಕೆಥೆಡ್ರಲಿನಲ್ಲಿ ಅವರಿಗೆ ಅಭಿಷೇಕವಾಯಿತು. ಅವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಪೀಠ ಸಿಕ್ಕಿದ್ದು ದೋರ್ನಕಲ್ಲಿನಲ್ಲಿ. ಅದು ನಿಜಾಮರ ರಾಜ್ಯ, ಬ್ರಿಟಿಷ್ ಇಂಡಿಯಾದ ಕಾನೂನಿನ ತೊಡಕುಗಳು ಅಲ್ಲಿ ಕಡಿಮೆ.

ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಡವೆಂದು ಅಜರಯ್ಯ ವಾದಿಸಿದರು. 1930ರ ದಶಕದಲ್ಲಿ ದಲಿತರ ಸಾಮೂಹಿಕ ಮತಾಂತರದ ವಿಷಯದಲ್ಲಿ ಗಾಂಧೀಜಿಯವರೊಡನೆ ಅವರಿಗೆ ಕಟುವಾದ ಭಿನ್ನಾಭಿಪ್ರಾಯ ಬಂತು. ದೇಶಪ್ರೇಮಿ ಕ್ರೈಸ್ತ ಮುಖಂಡರೊಬ್ಬರು ಕಾಂಗ್ರೆಸ್ಸಿಗೂ ಬೇಡವಾಗಿ, ಬಿಳಿಯ ಮಿಷನ್ನುಗಳಿಗೂ ಪೂರ್ತಿ ತಮ್ಮವರಾಗದೆ ನಿಂತ ಸ್ಥಿತಿ ಅದು. ಬಿಷಪ್ ಸರ್ಕಾರದ ಪ್ರತಿನಿಧಿಯಲ್ಲ, ಒಂದು ಸಮುದಾಯದ ವಕ್ತಾರ ಎಂಬ ಇಂದಿನ ಕಲ್ಪನೆಯ ಮೂಲವನ್ನು ಅವರಲ್ಲೇ ಹುಡುಕಬೇಕು.

ಉತ್ತರ ಕನ್ನಡವನ್ನು ಆಳುತ್ತಿದ್ದ ಬಾಂಬೆಯ ಕಡೆಯಲ್ಲಿ 1908ರಿಂದ 1929ರವರೆಗೆ ಬಿಷಪರಾಗಿದ್ದವರು ಎಡ್ವಿನ್ ಜೇಮ್ಸ್ ಪಾಮರ್. ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿ ಫೆಲೋ ಆಗಿದ್ದವರು. ದಕ್ಷಿಣದ ಪ್ರಾಟೆಸ್ಟಂಟ್ ಸಭೆಗಳೆಲ್ಲ ಒಂದಾಗಬೇಕೆಂಬ ಕರೆ 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಹೊರಟಿತು. ಅಲ್ಲಿ ಸೇರಿದ ಮೂವತ್ತಮೂರು ಮಂದಿಯಲ್ಲಿ ಅಜರಯ್ಯ ಸೇರಿ ಬಹುತೇಕರು ಭಾರತೀಯರು. ಆ ಕರೆಗೆ ಕಾಗದದ ಮೇಲೆ ರೂಪ ಕೊಟ್ಟವರಲ್ಲಿ ಪಾಮರ್ ಮುಖ್ಯರು. ಬಿಷಪರಿಂದ ದೀಕ್ಷೆ ಪಡೆಯದ ಬಾಸೆಲ್, ಮೆಥಡಿಸ್ಟ್, ಲಂಡನ್ ಮಿಷನ್ ಪಾದ್ರಿಗಳನ್ನು ಆಂಗ್ಲಿಕನರು ಪಾದ್ರಿಗಳೆಂದು ಒಪ್ಪುವುದು ಹೇಗೆ ಎಂಬುದೇ ಗಂಟು. ಮತ್ತೆ ದೀಕ್ಷೆ ತೆಗೆದುಕೊಳ್ಳಿ ಎಂದರೆ ಅವರಿಗೆ ಅವಮಾನ, ಹಾಗೇ ಒಪ್ಪಿದರೆ ಇವರ ಪರಂಪರೆಗೆ ಧಕ್ಕೆ. ಇರುವ ಪಾದ್ರಿಗಳನ್ನು ಇದ್ದಂತೆಯೇ ಒಪ್ಪಿಕೊಂಡು, ಒಂದಾದ ದಿನದಿಂದ ಮುಂದಿನ ದೀಕ್ಷೆಗಳನ್ನೆಲ್ಲ ಬಿಷಪರಿಂದ ಕೊಡಿಸುವುದೆಂಬ ದಾರಿ ಕೊನೆಗೆ ಹೊಳೆಯಿತು. ವಿಪರ್ಯಾಸವೆಂದರೆ ಪಾಮರರ ಸ್ವಂತ ಬಾಂಬೆ ಪ್ರಾಂತ ಈ ಒಕ್ಕೂಟಕ್ಕೆ ಸೇರಲೇ ಇಲ್ಲ.

ಈ ನಡುವೆ 1927ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾಯ್ದೆ ಮಾಡಿ ಭಾರತದ ಆಂಗ್ಲಿಕನ್ ಸಭೆಯನ್ನು ಇಂಗ್ಲೆಂಡಿನ ಸರ್ಕಾರಿ ಚರ್ಚಿನಿಂದ ಬಿಡಿಸಿತು. 1930ರ ಮಾರ್ಚ್ 1ರಿಂದ ಅದು ಜಾರಿಗೆ ಬಂತು. ಬಿಷಪರನ್ನು ರಾಜ ನೇಮಿಸುವ ಪದ್ಧತಿ ಅಲ್ಲಿಗೆ ಮುಗಿಯಿತು.

1947

ಸ್ವಾತಂತ್ರ್ಯ ಬಂದು ಆರು ವಾರವಾಗಿತ್ತು. ಸೆಪ್ಟೆಂಬರ್ 27ರ ಶನಿವಾರ ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ದಕ್ಷಿಣ ಭಾರತ ಸಭೆ, ಜನರ ಬಾಯಲ್ಲಿ ಸಿ.ಎಸ್.ಐ., ಉದ್ಘಾಟನೆಯಾಯಿತು. ತಿರುವಾಂಕೂರು ಕೊಚ್ಚಿಯ ಬಿಷಪ್ ಸಿ. ಕೆ. ಜೇಕಬ್ ಅಧ್ಯಕ್ಷತೆ ವಹಿಸಿದ್ದರು. ಮದ್ರಾಸ್, ದೋರ್ನಕಲ್, ತಿರುನೆಲ್ವೇಲಿ, ತಿರುವಾಂಕೂರು ಕೊಚ್ಚಿ ಎಂಬ ನಾಲ್ಕು ಆಂಗ್ಲಿಕನ್ ಪ್ರಾಂತಗಳು, ಬ್ರಿಟಿಷ್ ಮೆಥಡಿಸ್ಟರ ದಕ್ಷಿಣ ಭಾಗ, ಲಂಡನ್ ಮಿಷನ್ ಮೊದಲಾದವರ ಸಭೆಗಳು ಸೇರಿದ್ದ ದಕ್ಷಿಣ ಭಾರತ ಸಂಯುಕ್ತ ಸಭೆ, ಎಲ್ಲ ಸೇರಿ ಸುಮಾರು ಹತ್ತು ಲಕ್ಷ ಮಂದಿ. ಇಪ್ಪತ್ತೆಂಟು ವರ್ಷದ ಮಾತುಕತೆಯ ಫಲ ಅದು. ಅಜರಯ್ಯ ನೋಡಲು ಉಳಿದಿರಲಿಲ್ಲ, 1945ರ ಹೊಸವರ್ಷದ ದಿನ ತೀರಿಕೊಂಡಿದ್ದರು.

ಇಂಗ್ಲೆಂಡಿನಲ್ಲಿ ಇದು ಗದ್ದಲವೆಬ್ಬಿಸಿತು. ಬಿಷಪರ ಅವಿಚ್ಛಿನ್ನ ಪರಂಪರೆಗೆ ಇಲ್ಲಿ ಕಲಬೆರಕೆಯಾಗುತ್ತಿದೆ ಎಂಬುದು ಒಂದು ಪಂಗಡದ ತಕರಾರು. ಕವಿ ಟಿ. ಎಸ್. ಎಲಿಯಟ್ ಕೂಡ 1943ರಲ್ಲಿ ಈ ಯೋಜನೆಯ ವಿರುದ್ಧ ಕಿರುಪುಸ್ತಕ ಬರೆದಿದ್ದರು. ನಮ್ಮ ಗಡಿಯಾಚೆಯ ರಾಯಲಸೀಮೆಯಲ್ಲಿ ನಂದ್ಯಾಲದ ಆಂಗ್ಲಿಕನರು ಒಕ್ಕೂಟಕ್ಕೆ ಸೇರಲು ಒಪ್ಪದೆ 1975ರವರೆಗೆ ಹೊರಗೇ ಉಳಿದರು.

ಸಿ.ಎಸ್.ಐ. ಉದ್ಘಾಟನೆಯ ದಿನ ಅಭಿಷೇಕವಾದ ಒಂಬತ್ತು ಹೊಸ ಬಿಷಪರಲ್ಲಿ ಇಬ್ಬರು ಕನ್ನಡ ನಾಡಿಗೆ ಹತ್ತಿರದವರು. ಪಿ. ಗುರುಶಾಂತ ಮೈಸೂರು ಸಭಾಪ್ರಾಂತದ ಮೊದಲ ಬಿಷಪ್, ವೆಸ್ಲಿಯನ್ ಮೆಥಡಿಸ್ಟ್ ಪರಂಪರೆಯವರು. ಮೂರೇ ವರ್ಷದಲ್ಲಿ, 1950ರಲ್ಲಿ, ಅವರ ಕಾಲ ಮುಗಿಯಿತು. ಹೆಸರಿನಲ್ಲೇ ಹೊಸಪೇಟೆಯನ್ನು ಹೊತ್ತ ಹಾಸ್ಪೆಟ್ ಸುಮಿತ್ರ ಮೊದಲು ಕಡಪದ, ಮುಂದೆ ರಾಯಲಸೀಮೆಯ ಬಿಷಪರಾಗಿ, 1954ರಿಂದ 1962ರವರೆಗೆ ಇಡೀ ಸಿ.ಎಸ್.ಐ.ಗೆ ಮಾಡರೇಟರ್ ಆಗಿದ್ದರು. ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು ಅವರೇ. ಮಾಡರೇಟರ್ ಎಂದರೆ ಆರ್ಚ್‌ಬಿಷಪ್ ಅಲ್ಲ. ಸಿನೊಡ್ ಎಂಬ ಮಹಾಸಭೆ ಬಿಷಪರಲ್ಲೇ ಒಬ್ಬರನ್ನು ಅವಧಿಗೆಂದು ಆರಿಸುತ್ತದೆ, ಅವಧಿ ಮುಗಿದ ಮೇಲೆ ಅವರು ತಮ್ಮ ಪ್ರಾಂತದ ಬಿಷಪರು ಮಾತ್ರ. ಮುಂದೆ ಕರ್ನಾಟಕದಿಂದ ವಸಂತ ದಂಡಿನ್ 1990ರ ದಶಕದಲ್ಲಿ, ಎಸ್. ವಸಂತಕುಮಾರ್ 2010ರಿಂದ 2012ರವರೆಗೆ ಈ ಸ್ಥಾನದಲ್ಲಿದ್ದರು.

ಇನ್ನೊಬ್ಬರ ಮನೆಯಲ್ಲಿ ಆಂಗ್ಲಿಕನ್ ಕುರ್ಚಿ

ಗುರುಶಾಂತರ ನಂತರ ಮೈಸೂರಿಗೆ ಬಂದವರು ನಾರ್ಮನ್ ಸಾರ್ಜೆಂಟ್. 1951ರಿಂದ 1970ರವರೆಗೆ ಬಿಷಪರಾಗಿದ್ದ ಅವರೂ ಮೆಥಡಿಸ್ಟ್ ಮಿಷನರಿಯಾಗಿ ಬಂದವರೇ. ವೈಟ್‌ಹೆಡ್ಡರ ಹಾಗೆ ಅವರಿಗೂ ಸುತ್ತಲಿನ ಧರ್ಮದ ಕುತೂಹಲ, ಆದರೆ ನೋಟ ಬೇರೆ. ಲಿಂಗಾಯತರನ್ನು ಕುರಿತ ಅವರ ಪುಸ್ತಕ 1963ರಲ್ಲಿ ಬೆಂಗಳೂರಿನ ಕ್ರೈಸ್ತ ಧರ್ಮ ಮತ್ತು ಸಮಾಜ ಅಧ್ಯಯನ ಸಂಸ್ಥೆಯಿಂದ ಹೊರಬಂತು. ಪಿ. ಡಿ. ದೇವನಂದನ್ 1957ರಲ್ಲಿ ಕಟ್ಟಿದ ಆ ಸಂಸ್ಥೆ ಬೇರೆ ಧರ್ಮದವರೊಡನೆ ಮಾತುಕತೆಯನ್ನೇ ಕಸುಬು ಮಾಡಿಕೊಂಡಿತ್ತು. ಸಾರ್ಜೆಂಟರ ಬಳಿಕ ಮೈಸೂರು ಸಭಾಪ್ರಾಂತ ಒಡೆದು ಮೂರಾಯಿತು. ಬೆಂಗಳೂರಿನಲ್ಲಿ ಕರ್ನಾಟಕ ಮಧ್ಯ, ಮಂಗಳೂರಿನಲ್ಲಿ ದಕ್ಷಿಣ, ಧಾರವಾಡದಲ್ಲಿ ಉತ್ತರ ಸಭಾಪ್ರಾಂತದ ಪೀಠ ನಿಂತಿತು. 1972ರಿಂದ 1980ರವರೆಗೆ ಬೆಂಗಳೂರಿನ ಬಿಷಪರಾಗಿದ್ದ ಕೆನೆತ್ ಗಿಲ್ ಇಂಗ್ಲೆಂಡಿನವರು, ಆಮೇಲೆ ನ್ಯೂಕಾಸಲಿನಲ್ಲಿ ಸಹಾಯಕ ಬಿಷಪರಾದರು.

ಈ ಬಿಷಪರು ವಹಿಸಿಕೊಂಡ ಸಂಸ್ಥೆಗಳ ಪಟ್ಟಿಯನ್ನು ಒಮ್ಮೆ ನೋಡಬೇಕು. ಗದಗ ಬೆಟಗೇರಿಯಲ್ಲಿ ಜನ ಜರ್ಮನ್ ಆಸ್ಪತ್ರೆ ಎಂದೇ ಕರೆಯುವ ಆಸ್ಪತ್ರೆ ಬಾಸೆಲ್ ಮಿಷನ್ನಿನದು. ಉಡುಪಿಯಲ್ಲಿ 1923ರಲ್ಲಿ ಡಾ. ಈವಾ ಲೊಂಬಾರ್ಡ್ ಕಟ್ಟಿದ ಆಸ್ಪತ್ರೆಯೂ ಅವರದೇ. ಮೈಸೂರಿನ ಹೋಲ್ಡ್ಸ್‌ವರ್ತ್, ಹಾಸನದ ರೆಡ್‌ಫರ್ನ್ ಮೆಥಡಿಸ್ಟರ ಆಸ್ಪತ್ರೆಗಳು. ಚಿಕ್ಕಬಳ್ಳಾಪುರದ್ದು ಲಂಡನ್ ಮಿಷನ್ನಿನದು. ಧಾರವಾಡದ ಕಿಟೆಲ್ ಕಾಲೇಜು, ಬಲ್ಮಠದ ಕರ್ನಾಟಕ ದೇವಶಾಸ್ತ್ರ ಕಾಲೇಜು ಬಾಸೆಲ್ ಬೇರಿನವು. ಇವುಗಳಲ್ಲಿ ಒಂದನ್ನೂ ಆಂಗ್ಲಿಕನರು ಕಟ್ಟಿದ್ದಲ್ಲ. ಆಂಗ್ಲಿಕನರಿಂದ ಬಂದದ್ದು ಬಿಷಪರ ಕುರ್ಚಿ, ಅದನ್ನಿಟ್ಟ ಮನೆ ಇತರರದು. ಬಿಷಪರಿಲ್ಲದೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಕಮಿಟಿಯಲ್ಲಿ ಕೂತು ತೀರ್ಮಾನ ಮಾಡಿ ಅಭ್ಯಾಸವಿದ್ದ ಬಾಸೆಲ್ ಸಭೆಗಳಿಗೆ ಒಬ್ಬರ ಸಹಿಗೆ ಕಾಯುವುದು ಸುಲಭಕ್ಕೆ ಒಗ್ಗಲಿಲ್ಲ. ಬಾಸೆಲ್ ಹಿನ್ನೆಲೆಯ ಸಭೆಗಳಲ್ಲಿ ಬಿಷಪರೊಡನೆ ನಡೆಯುವ ಜಗಳಗಳ ಹಿಂದೆ ವ್ಯಕ್ತಿದ್ವೇಷಕ್ಕಿಂತ ಈ ಹಳೆಯ ರೂಢಿಯ ಪಾಲು ಹೆಚ್ಚೆಂದು ಈ ಲೇಖಕನ ಎಣಿಕೆ.

ಬಾಂಬೆ ಕರ್ನಾಟಕದ ಸಭೆಗಳು ಸಿ.ಎಸ್.ಐ.ಗೆ ಸೇರಿದ್ದು ತಡವಾಗಿ. ಉತ್ತರ ಕನ್ನಡ 1956ರಲ್ಲೇ ಮೈಸೂರು ರಾಜ್ಯಕ್ಕೆ ಬಂದಿತ್ತು. ಚರ್ಚಿನ ನಕ್ಷೆ ರಾಜ್ಯದ ನಕ್ಷೆಯನ್ನು ಹಿಡಿಯಲು ಮತ್ತೊಂದು ದಶಕಕ್ಕೂ ಹೆಚ್ಚು ಬೇಕಾಯಿತು. ಪಾಮರರ ಬಾಂಬೆ ಪ್ರಾಂತ 1970ರ ನವೆಂಬರ್ 29ರಂದು ನಾಗಪುರದಲ್ಲಿ ಹುಟ್ಟಿದ ಉತ್ತರ ಭಾರತ ಸಭೆಗೆ ಹೋಯಿತು.

ಅಧಿಕಾರ ಮತ್ತು ಅದರ ಮಿತಿ

ಇಂದು ಸಿ.ಎಸ್.ಐ. ಬಿಷಪರ ಆಯ್ಕೆ ಎರಡು ಹಂತದಲ್ಲಿ ನಡೆಯುತ್ತದೆ. ಸಭಾಪ್ರಾಂತದ ಕೌನ್ಸಿಲ್ ಮತ ಹಾಕಿ ಕೆಲವು ಹೆಸರುಗಳ ಪ್ಯಾನೆಲ್ ಕಳಿಸುತ್ತದೆ, ಅವರಲ್ಲಿ ಒಬ್ಬರನ್ನು ಚೆನ್ನೈಯಲ್ಲಿರುವ ಸಿನೊಡ್ ಆರಿಸುತ್ತದೆ. ಹೆಚ್ಚು ಮತ ಬಿದ್ದವರೇ ಬಿಷಪರಾಗಬೇಕೆಂದಿಲ್ಲ, ಆದ್ದರಿಂದ ಚುನಾವಣೆಯ ಓಡಾಟ ಊರಲ್ಲೂ ಚೆನ್ನೈಯಲ್ಲೂ ನಡೆಯುತ್ತದೆ. ಗೆದ್ದವರು ಕೌನ್ಸಿಲ್ಲಿಗೂ ಅದರ ಮುಖ್ಯ ಕಮಿಟಿಗಳಿಗೂ ಅಧ್ಯಕ್ಷರು. ಸಭಾಪಾಲಕರ ವರ್ಗಾವಣೆ, ಶಾಲೆ ಕಾಲೇಜುಗಳ ಆಡಳಿತ ಮಂಡಳಿ, ಆಸ್ಪತ್ರೆಯ ನೇಮಕಾತಿ ಅವರ ಮೇಜಿಗೆ ಬಂದೇ ಮುಂದೆ ಹೋಗಬೇಕು. ಜಮೀನು ಮಾತ್ರ ಅವರ ಹೆಸರಿನಲ್ಲಿಲ್ಲ. ಅದು 1947ರಲ್ಲಿ ಕಂಪನಿ ಕಾಯ್ದೆಯಡಿ ನೋಂದಣಿಯಾದ ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಷನ್ನಿನ ಹೆಸರಿನಲ್ಲಿದೆ. ಮಿಷನ್ ಕಾಲದಲ್ಲಿ ಊರಾಚೆ ಇದ್ದ ಕಾಂಪೌಂಡುಗಳು ಈಗ ನಗರದ ನಟ್ಟನಡುವೆ ಬಂದಿವೆ, ಅವುಗಳ ಬೆಲೆಯೊಡನೆ ಮೊಕದ್ದಮೆಗಳೂ ಏರಿವೆ. ಬಿಷಪರ ನಿವೃತ್ತಿ ವಯಸ್ಸನ್ನು 67ರಿಂದ 70ಕ್ಕೆ ಏರಿಸುವ ತಿದ್ದುಪಡಿಯೂ ಮಾಡರೇಟರ್ ಚುನಾವಣೆಯೂ ಈಚಿನ ವರ್ಷಗಳಲ್ಲಿ ಕೋರ್ಟಿನ ಮೆಟ್ಟಿಲೇರಿದವು. ಕಾಲವೊಂದರಲ್ಲಿ ರಾಜಪತ್ರದಲ್ಲಿ ಅಧಿಕಾರ ಹುಡುಕುತ್ತಿದ್ದ ಹುದ್ದೆ ಈಗ ಸಭೆಯ ಸಂವಿಧಾನ ಮತ್ತು ಉಪನಿಯಮಗಳ ಪುಟ ತಿರುವಬೇಕಾಗಿದೆ.

ಸರ್ಕಾರದ ಮುಂದೆ ಸಮುದಾಯದ ಪರವಾಗಿ ಮಾತಾಡುವುದು ಉಳಿದ ಇನ್ನೊಂದು ಹೊಣೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತಿತರ ಕಡೆ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದಾಗ, 2022ರಲ್ಲಿ ಮತಾಂತರ ಕಾಯ್ದೆ ಬಂದಾಗ, ಕ್ರೈಸ್ತ ಮುಖಂಡರು ಒಟ್ಟಾಗಿ ದನಿಯೆತ್ತಿದರು. ಅಂಥ ವೇಳೆ ಪತ್ರಿಕೆಗಳಲ್ಲಿ ಮುಂದೆ ಕಾಣುವುದು ಬೆಂಗಳೂರಿನ ಕಥೋಲಿಕ ಆರ್ಚ್‌ಬಿಷಪರು. ಸಂಖ್ಯೆಯೂ ಶಿಸ್ತೂ ಅವರ ಬೆನ್ನಿಗಿವೆ. ಮೂರು ಸಭಾಪ್ರಾಂತಗಳಾಗಿ ಹಂಚಿಹೋದ ಸಿ.ಎಸ್.ಐ.ಗೆ ಕರ್ನಾಟಕದ ಮಟ್ಟದಲ್ಲಿ ಒಂದೇ ಮುಖವಿಲ್ಲ.

ಜಗತ್ತಿನ ಆಂಗ್ಲಿಕನ್ ಬಳಗಕ್ಕೆ ಹಿರಿಯರು ಕ್ಯಾಂಟರ್ಬರಿಯ ಆರ್ಚ್‌ಬಿಷಪ್. ಸಿ.ಎಸ್.ಐ. ಆ ಬಳಗದ ಸದಸ್ಯ ಸಭೆ, ಹಾಗಿದ್ದರೂ ಧಾರವಾಡದ ಒಬ್ಬ ಪಾದ್ರಿಯನ್ನು ವರ್ಗಾಯಿಸುವ ಅಧಿಕಾರವೂ ಕ್ಯಾಂಟರ್ಬರಿಗಿಲ್ಲ. ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ 2019ರಲ್ಲಿ ಭಾರತಕ್ಕೆ ಬಂದಾಗ ಬೆಂಗಳೂರಿಗೂ ಬಂದರು. ಅದೇ ಪ್ರವಾಸದಲ್ಲಿ ಜಲಿಯನ್‌ವಾಲಾ ಬಾಗಿನಲ್ಲಿ ನೆಲಕ್ಕೆ ಮೈಚಾಚಿ ಕ್ಷಮೆ ಕೋರಿದರು. ಚರ್ಚಿಗೆ ಸಂಬಂಧಪಟ್ಟ ದೌರ್ಜನ್ಯ ಪ್ರಕರಣವೊಂದನ್ನು ಸರಿಯಾಗಿ ನಿಭಾಯಿಸಲಿಲ್ಲವೆಂಬ ತನಿಖಾ ವರದಿಯ ಬಳಿಕ 2024ರ ನವೆಂಬರಿನಲ್ಲಿ ರಾಜೀನಾಮೆ ಘೋಷಿಸಿದರು. ಅವರ ಸ್ಥಾನಕ್ಕೆ 2025ರ ಅಕ್ಟೋಬರಿನಲ್ಲಿ ಸಾರಾ ಮುಲ್ಲಲಿ ಅವರ ಹೆಸರು ಹೊರಬಿತ್ತು. ಕ್ಯಾಂಟರ್ಬರಿಗೆ ಅವರೇ ಮೊದಲ ಮಹಿಳೆ. ಸಿ.ಎಸ್.ಐ. 1976ರಿಂದಲೇ ಮಹಿಳೆಯರಿಗೆ ಪಾದ್ರಿದೀಕ್ಷೆ ಕೊಡುತ್ತ ಬಂದಿದೆ. ಅದರ ಮೊದಲ ಮಹಿಳಾ ಬಿಷಪ್ ಎಗ್ಗೋಣಿ ಪುಷ್ಪಲಲಿತಾ 2013ರ ಸೆಪ್ಟೆಂಬರ್ 30ರಂದು ಅಭಿಷಿಕ್ತರಾದರು. ಅವರಿಗೆ ಸಿಕ್ಕ ಪೀಠ ನಂದ್ಯಾಲ, ಬಿಷಪರ ಪರಂಪರೆ ಕೆಡುತ್ತದೆಂದು 1947ರಲ್ಲಿ ಹೊರಗುಳಿದಿದ್ದ ಅದೇ ಊರು. ಕರ್ನಾಟಕದ ಮೂರು ಸಭಾಪ್ರಾಂತಗಳಿಗೆ ಈವರೆಗೆ ಬಂದ ಬಿಷಪರೆಲ್ಲ ಗಂಡಸರೇ.